ತೊಲೆ ಮೇಲಿನ ಸಜ್ಜನ, ಹಿತ್ತಲ ಗೇಟಿನ ಕಳ್ಳ

ಪಕ್ಕದ ಮನೆಯ ಮಗುವನ್ನು ನಮ್ಮತ್ತೆ ಕಳ್ಳ ಎಂದು ಕರೆದರು. ಒಂದು ದಿನವಲ್ಲ, ದಿನಾ. ಅದೂ ಗಲ್ಲ ಹಿಂಡಿ, ಈ ಪರದೇಶದಲ್ಲಿ ನಮ್ಮ ಬಡಾವಣೆಯಾದ ಇಡೀ ಯೂನಿವರ್ಸಿಟಿ ಸಿಟಿಗೆ ಕೇಳುವ ಹಾಗೆ.

ಪಕ್ಕದ ಮನೆಯವರು ಚೀನಾ ಮೂಲದವರು. ನಾವು ಲಿನ್ ಅಂಕಲ್ ಎನ್ನುವ ಹಿರಿಯರು ಚೀನಾದ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿ, ರಿಟೈರ್ ಆಗಿ, ಮಗಳ ಮನೆಗೆ ಬಂದವರು. ಅವರ ಮೊಮ್ಮಗ ಲಿಯೋ, ಈಗಷ್ಟೇ ಮಾತು ಕಲಿಯುತ್ತಿರುವ ಪೋರ. ಎರಡೂ ಮನೆಗಳ ಹಿತ್ತಲುಗಳ ನಡುವೆ ಒಂದು ಪುಟ್ಟ ಗೇಟು. ಮಧ್ಯಾಹ್ನದ ನಿದ್ದೆ ಮುಗಿಯಿತೆಂದರೆ ಲಿಯೋ ಗೇಟು ತಳ್ಳಿಕೊಂಡು ಅತ್ತೆಯ ಮುಂದೆ ಹಾಜರ್. ಕೊಟ್ಟ ಕೋಡುಬಳೆಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ಇನ್ನೊಂದು ಕೈ ಚಾಚಿ, ಏನೂ ಸಿಕ್ಕೇ ಇಲ್ಲ ಎನ್ನುವ ಮುಖ ಮಾಡುತ್ತಿದ್ದ.

“ಅಯ್ಯೋ ಕಳ್ಳಾ! ಹಿಂದಿನ ಕೈಲಿ ಏನೋ ಅದು? ಕಳ್ಳ ಭಡವ!”

ಅತ್ತೆಗೆ ಇಂಗ್ಲಿಷ್ ಬಾರದು. ಲಿಯೋಗೆ ಯಾವ ಭಾಷೆಯೂ ಪೂರ್ತಿ ಬಾರದು. ಹಾಗಾಗಿ ಇಬ್ಬರ ನಡುವೆ ಅಪಾರ್ಥಕ್ಕೆ ಜಾಗವೇ ಇರಲಿಲ್ಲ. (ಅಪಾರ್ಥ ಶುರುವಾಗುವುದು ಭಾಷೆ ಬಂದ ಮೇಲೆ. ಮದುವೆಯಾದವರನ್ನು ಕೇಳಿ ನೋಡಿ.)

ಒಂದು ದಿನ ಗೇಟಿಗೆ ಆ ಕಡೆಯಿಂದ ಚಿಲಕ ಬಿತ್ತು.

ಅತ್ತೆ ಡಬ್ಬಿ ಹಿಡಿದು ಹಿತ್ತಲಲ್ಲಿ ಕಾದರು. ಬೇಲಿಯಾಚೆ “ಕಳ್ಳಾ! ಕಳ್ಳಾ!” ಎಂದು ಎಳೆಯ ದನಿ ಕೂಗಿತು. ಯಾರೋ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು.

“ಮಗೂಗೆ ನೆಗಡಿಯೇನೋ,” ಅಂದರು ಅತ್ತೆ. ಮರುದಿನವೂ ಅದನ್ನೇ ಅಂದರು. ಆಮೇಲೆ ಅನ್ನಲಿಲ್ಲ. “ಅಳಿಯಂದ್ರೇ, ನನ್ನನ್ನ ಪೋರ್ಟರ್ ರ್‍ಯಾಂಚಿಗೆ ಬಿಟ್ಬಿಡಿ. ಇಲ್ಲಿ ನಂಗೇನು ಕೆಲಸ?” ಎಂದು ಶುರು ಮಾಡಿದರು. ಪೋರ್ಟರ್ ರ್‍ಯಾಂಚಿನಲ್ಲಿರುವುದು ಅವರ ದೊಡ್ಡ ಮಗಳು. ಹೆಂಡತಿ ನನ್ನ ಕಡೆ ನೋಡಿದಳು, ಚಿಲಕ ಹಾಕಿದವನು ನಾನೇ ಎಂಬಂತೆ.

ವಿಚಾರಣೆ ನಡೆಯಿತು. ಸಿಕ್ಕಿಬಿದ್ದವಳು ನನ್ನ ಮಗಳು ಅನೀಕಾ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮುಕ್ಕಾಲು ಇಂಗ್ಲಿಷಿನಲ್ಲಿ. ನಿಮ್ಮ ಮನೆಯಲ್ಲೂ ಈ ಮಾಡೆಲ್ ಇರಬಹುದು.

“ಅಂಕಲ್ ಹತ್ರ ಏನಾದ್ರೂ ಹೇಳಿದ್ಯಾ ಪುಟ್ಟಿ?”

“ಹೆಸರು ಕೇಳಿದ್ರೆ ಲಿಯೋ ‘ಕಳ್ಳ’ ಅಂತಾನಂತೆ. ಮೀನಿಂಗ್ ಏನು ಅಂತ ಹಿ ಆಸ್ಕ್ಡ್ ಮಿ. ಐ ಸೆಡ್ ಥೀಫ್.” ನಮ್ಮ ಮುಖ ನೋಡಿ ಗಾಬರಿಯಾಗಿ, “ವಾಟ್? ಇಸಿಂಟ್ ಇಟ್ ಥೀಫ್?” ಅಂದಳು.

ಡಿಕ್ಷನರಿ ಅವಳ ಪರವಾಗಿಯೇ ಇದೆ.

ಶನಿವಾರ ಅತ್ತೆ, ಅನೀಕಾ, ನಾನು ಲಿನ್ ಅಂಕಲ್ ಮನೆಗೆ ಹೋದೆವು. ಕೂರಿಸಿದರು, ಟೀ ಕೊಟ್ಟರು. ಆದರೆ ಮುಖ ಬಿಗಿದಿತ್ತು. (ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ನನ್ನ ಕನ್ನಡದಲ್ಲಿ ಹೇಳುತ್ತೇನೆ.)

“ಕೋವಿಡ್ ಕಾಲದಲ್ಲಿ ಒಂದು ಅಂಗಡಿಗೆ ಹೋಗಿದ್ದೆ. ಗಾರ್ಡ್ ನನ್ನ ಹಿಂದೆ ಹಿಂದೆಯೇ ಸುತ್ತಿದ. ನನ್ನ ಕೈಯಲ್ಲಿದ್ದದ್ದು ಒಂದು ಬಾಟಲಿ ಸೋಯಾ ಸಾಸ್. ನಿಮ್ಮ ಅತ್ತೆಯ ಮೇಲೆ ನನಗೆ ಕೋಪವಿಲ್ಲ. ಆದರೆ ಈ ದೇಶದಲ್ಲಿ ನನ್ನ ಮೊಮ್ಮಗ ಆ ಹೆಸರಿಗೆ ಓಗೊಡುವುದು ನನಗೆ ಬೇಡ.”

ನಾನು ಗಂಟಲು ಸರಿಮಾಡಿಕೊಂಡು, ನಮ್ಮ ಕಲ್ಚರಿನಲ್ಲಿ ಇದು ಹೀಗೆ, ಇಂಟೆನ್ಷನ್ ಹಾಗೆ ಎಂದು ಆಫೀಸಿನ ಇಮೇಲಿನಂತೆ ಶುರು ಮಾಡಿದೆ.

ಅಂಕಲ್ ಹೇಳಿದ್ದನ್ನು ಅನೀಕಾಳಿಂದ ಕೇಳಿ ತಿಳಿದಿದ್ದ ಅತ್ತೆ, “ನೀವು ಸುಮ್ನಿರಿ ಅಳಿಯಂದ್ರೇ,” ಅಂದರು. “ಅನೀಕಾ, ನಾನ್ ಹೇಳಿದ್ದನ್ನ ಹಾಗ್ಹಾಗೇ ಹೇಳು. ಚೆಂದದ ಮಗೂನ ಚೆಂದ ಅಂದ್ರೆ ದೃಷ್ಟಿಯಾಗತ್ತೆ. ಅದಕ್ಕೇ ಕಳ್ಳ ಅನ್ನೋದು. ನಮ್ಮ ದೇವರನ್ನೇ ಬೆಣ್ಣೆ ಕಳ್ಳ ಅಂತೀವಿ. ಬೇರೆಯವರ ಮಗೂನ ಹಾಗನ್ನಬಾರದಿತ್ತು, ತಪ್ಪಾಯ್ತು. ಆದ್ರೆ ಅವನು ಬೇರೆಯವರ ಮಗು ಅನ್ನೋದೇ ನಂಗೆ ಹೊಳೀಲಿಲ್ಲ.”

ಅನೀಕಾ ಒಂದೊಂದೇ ಮಾತು ಇಂಗ್ಲಿಷಿಗೆ ದಾಟಿಸಿದಳು. ಕೊನೆಯದಕ್ಕೆ ಬಂದಾಗ ತಡವರಿಸಿ, “ಶೀ ಫರ್ಗಾಟ್ ಹಿ ವಾಸ್ ಯುವರ್ಸ್,” ಅಂದಳು.

ಲಿನ್ ಅಂಕಲ್ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಕೊನೆಗೆ, “ನಿಮ್ಮ ದೇವರು ಕಳ್ಳನಾ?” ಎಂದು ಕೇಳಿದರು.

“ಓನ್ಲಿ ಬಟರ್,” ಅಂದಳು ಅನೀಕಾ, ದೇವರ ಪರ ವಕಾಲತ್ತು ವಹಿಸಿ.

ನಕ್ಕರು ನೋಡಿ! ಮೇಷ್ಟರು ನಕ್ಕರೆ ಪಾಠ ಶುರುವಾಯಿತೆಂದೇ ಅರ್ಥ. ಹಳೆಯ ಚೀನಾದಲ್ಲಿ ಕಳ್ಳರಿಗೆ ಎಂಥೆಂಥ ಹೆಸರುಗಳಿದ್ದವು ಗೊತ್ತೇ? ಜೇಬುಗಳ್ಳ ‘ಮೂರು ಕೈಯವನು’. ದಾರಿ ಸುಲಿಯುವ ಡಕಾಯಿತರು ‘ಹಸಿರು ಕಾಡಿನವರು’. ಗೋಡೆ ಕೊರೆದು ನುಗ್ಗುವವನೂ ಇದ್ದ (ನಮ್ಮ ಕನ್ನಗಳ್ಳನ ಷಡ್ಡಕ). ಎಲ್ಲರಿಗಿಂತ ಗೌರವಸ್ಥ ಯಾರೆಂದರೆ ‘ತೊಲೆ ಮೇಲಿನ ಸಜ್ಜನ’.

ಒಬ್ಬ ಅಧಿಕಾರಿಯ ಮನೆಯ ತೊಲೆ ಮೇಲೆ ಕಳ್ಳ ಅಡಗಿ ಕೂತಿದ್ದ. ಅಧಿಕಾರಿ ಕಂಡೂ ಕಾಣದಂತೆ ಮಕ್ಕಳನ್ನೆಲ್ಲ ಕರೆದು ಬುದ್ಧಿ ಹೇಳಿದ. ಹುಟ್ಟುವಾಗ ಯಾರೂ ಕೆಟ್ಟವರಲ್ಲ, ಅಭ್ಯಾಸದಿಂದ ಹಾಗಾಗುತ್ತಾರೆ, ಅಗೋ ನಮ್ಮ ತೊಲೆ ಮೇಲಿನ ಸಜ್ಜನರ ಹಾಗೆ! ಕಳ್ಳ ಧೊಪ್ಪನೆ ಇಳಿದು ಕಾಲಿಗೆ ಬಿದ್ದ. ಅಧಿಕಾರಿ ರೇಷ್ಮೆ ಬಟ್ಟೆ ಕೊಟ್ಟು ಕಳಿಸಿದ.

ನಾನು ಕನ್ನಡದಲ್ಲಿ ಹೇಳಿದ್ದನ್ನು ಅತ್ತೆ ಪೂರ್ತಿ ಕೇಳಿದರು. “ಊಟ ಹಾಕ್ಲಿಲ್ವಂತಾ? ಪಾಪ, ಅಷ್ಟೊತ್ತು ತೊಲೆ ಮೇಲೆ ಕೂತಿದ್ದ.”

ಈ ಪ್ರಶ್ನೆ ಕಾಲೇಜಿನಲ್ಲಿ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲವಂತೆ.

ನಮ್ಮ ಹಿರಿಯರೂ ಹಾಗೇ ಅಲ್ಲವೇ? ರಾತ್ರಿ ಹೊತ್ತು ಹಾವನ್ನು ಹಾವು ಅನ್ನುವುದಿಲ್ಲ, ಹುಳ ಅನ್ನುತ್ತಾರೆ. ಹೊರಟವರು ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತಾರೆ. ಹೆದರಿಕೆಯಾದದ್ದಕ್ಕೆ ಒಳ್ಳೆಯ ಹೆಸರು, ಮುದ್ದು ಬಂದದ್ದಕ್ಕೆ ಬೈಗುಳ. ಚೀನಾದವರು ಕಳ್ಳನನ್ನು ಸಜ್ಜನ ಅಂದರು. ನಾವು ಸಜ್ಜನರನ್ನು ಹಿಡಿದು ಕಳ್ಳ ಅಂದೆವು. ಇದನ್ನು ಮಗಳು ಯಾವ ಆ್ಯಪ್‌ನಲ್ಲಿ ಹುಡುಕಬೇಕು?

ಅಷ್ಟರಲ್ಲಿ ಲಿಯೋ ನಿದ್ದೆಯಿಂದೆದ್ದು ಕಣ್ಣುಜ್ಜಿಕೊಂಡು ಬಂದ. ಅತ್ತೆಯ ಬಾಯಿ ತೆರೆಯಿತು. ಅತ್ತೆ ಬಂದ ಮಾತನ್ನು ನುಂಗಿಕೊಂಡು, ಮೊದಲ ಬಾರಿಗೆ, ಅಪರಿಚಿತರನ್ನು ಕರೆದಂತೆ “ಲಿಯೋ” ಅಂದರು.

ಮಗು ಅಲ್ಲೇ ನಿಂತಿತು. ಅತ್ತೆಯನ್ನು ನೋಡಿತು, ತಾತನನ್ನು ನೋಡಿತು. ತುಟಿ ನಡುಗಿತು.

ಲಿನ್ ಅಂಕಲ್ ಬಗ್ಗಿ ಅದರ ಬೆನ್ನು ಮುಟ್ಟಿದರು. “ಗೋ, ಕಲ್ಲಾ,” ಅಂದರು ಮೆಲ್ಲಗೆ. ಪಾಪ, ಳಕಾರ ಬರಲಿಲ್ಲ.

ಓಡಿತು ಮಗು.

ಅತ್ತೆ ಈಗ ಪೋರ್ಟರ್ ರ್‍ಯಾಂಚಿನ ಮಾತೆತ್ತುತ್ತಿಲ್ಲ. ಆದರೆ ನನಗೆ ಮಾತ್ರ ಒಂದು ಯೋಚನೆ ಹತ್ತಿಕೊಂಡಿದೆ. ಎಲ್ಲರೂ ನನ್ನನ್ನು ಸರ್ ಅನ್ನುತ್ತಾರೆ, ಅಂಕಲ್ ಅನ್ನುತ್ತಾರೆ, ಅಳಿಯಂದಿರೇ ಅನ್ನುತ್ತಾರೆ.

ನಿಮ್ಮನ್ನು ‘ಬಾರೋ ಕಳ್ಳ’ ಅನ್ನುವವರು ಇನ್ನೂ ಯಾರಾದರೂ ಉಳಿದಿದ್ದಾರಾ?