ನಾಲ್ಕು ಮೀಟರ್ ದೂರದ ವರ

ಛತ್ರಪತಿ ಸಂಭಾಜಿನಗರದಲ್ಲಿ ನೆಲೆಸಿರುವ ಬೀದರ್, ಕಲಬುರಗಿ ಕಡೆಯ ಮನೆಗಳಲ್ಲಿ ಮಗನಿಗೋ ಮಗಳಿಗೋ ಸಂಬಂಧ ನೋಡಬೇಕೆಂದಾದರೆ ಮೊದಲು ಮಲ್ಲಿನಾಥನಿಗೆ ಫೋನ್ ಹೋಗುತ್ತದೆ. ಸಿಡ್ಕೋ ಬಡಾವಣೆಯ ಮೂರನೇ ಮಹಡಿಯಲ್ಲಿರುವ ಅವನ ಎರಡು ಕೋಣೆಯ ಮನೆಗೆ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟವರು ಒಬ್ಬೊಬ್ಬರಾಗಿ ಬರುತ್ತಾರೆ. ಬಯೋಡಾಟಾದ ಫೋಟೋ ತೆಗೆಸಿಕೊಂಡು, ಅವನ ತಾಯಿ ಪ್ರೇಮಾಬಾಯಿ ಕೊಟ್ಟ ಚಹಾ ಕುಡಿದು, ತಮ್ಮ ಚಿತ್ರವನ್ನು ತಾವೇ ನಂಬದೆ ಮೆಟ್ಟಿಲಿಳಿಯುತ್ತಾರೆ. ಇದು ಅವನ ಹವ್ಯಾಸ. ಸಂಬಳದ ಕೆಲಸ ಬಿಡಕಿನ್‌ನ ಹೊಸ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ. ನಕ್ಷೆಯಲ್ಲಿರುವ ಅಳತೆಗೂ ಕೈಯಲ್ಲಿರುವ ಬಿಡಿಭಾಗಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೆ ಅದಕ್ಕೆ ಕೆಂಪು ಚೀಟಿ ಕಟ್ಟಿ ಬದಿಗಿಡುವವನು ಅವನು. ವಾರದಲ್ಲಿ ಆರು ದಿನ ಪಾಲಿಸುವ ಈ ನಿಯಮವನ್ನು ಏಳನೆಯ ದಿನ ತಾನೇ ಮುರಿಯುತ್ತಿದ್ದೇನೆಂದು ಅವನಿಗೆ ಬಹಳ ಕಾಲ ಹೊಳೆಯಲಿಲ್ಲ.

ಲೆನ್ಸಿನ ವಿದ್ಯೆ ಅವನಿಗೆ ಒಲಿದದ್ದು ತಪ್ಪುಗಳ ಮೂಲಕ. ಮೊದಲು ಕೊಂಡದ್ದು ಎಲ್ಲೋರಾದ ಗುಹೆಗಳಿಗೆಂದು, ಹದಿನಾರರ ಅಗಲ ಲೆನ್ಸು. ಲೆನ್ಸಿನ ಮೇಲಿನ ಅಂಕಿ ಚಿಕ್ಕದಾದಷ್ಟೂ ಅದರ ನೋಟ ಅಗಲ. ಗುಹೆಯ ಒಳಗೆ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಎಲ್ಲ ಕಂಬಗಳೂ ಚಿತ್ರದೊಳಗೆ ಬಂದುಬಿಟ್ಟವು. ಆ ಖುಷಿಯಲ್ಲಿ ಅದೇ ಲೆನ್ಸನ್ನು ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಒಯ್ದ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ವಾಡಿಕೆ. ಗುದ್ದು ಚೆನ್ನಾಗಿ ಬರಲೆಂದು ಇವನು ಹತ್ತಿರ ಹೋದ. ಚಿತ್ರದಲ್ಲಿ ಗುದ್ದುವ ಮುಷ್ಟಿಯೊಂದು ತೊಟ್ಟಿಲಿಗಿಂತ ದೊಡ್ಡದಾಗಿ ಬಂತು. ಕೂಸು ಬೆರಳಿನ ಉಂಗುರದಷ್ಟಿತ್ತು. ಆ ಮುಷ್ಟಿಯ ಒಡತಿ ಇಂದಿಗೂ ಅವನ ಜೊತೆ ಮಾತಾಡುವುದಿಲ್ಲ.

ಆಮೇಲೆ ಪೈಠಣದ ಜಲಾಶಯದ ಹಕ್ಕಿಗಳಿಗೆಂದು ಉದ್ದನೆಯ ಲೆನ್ಸು ಬಂತು. ಒಂದು ಚಳಿಗಾಲವಿಡೀ ರಾಜಹಂಸಗಳಿಗೆ ಕಾದ. ಸಿಕ್ಕಿದ್ದು ನೂರಾರು ಗುಲಾಬಿ ಚುಕ್ಕೆಗಳು. ಅವು ಹಕ್ಕಿಗಳೆಂದು ಪ್ರತಿಯೊಬ್ಬರಿಗೂ ಬೆರಳಿಟ್ಟು ಹೇಳಬೇಕಾಗುತ್ತಿತ್ತು. ಹೀಗೆ ಗುಹೆ, ಕೂಸು, ಹಕ್ಕಿ ಮೂರರಲ್ಲೂ ಸೋತು ಕೊನೆಗೆ ಮನುಷ್ಯರ ಮುಖಕ್ಕೆ ಬಂದು ನಿಂತ. ಅಲ್ಲಿ ಮಾತ್ರ ಗೆದ್ದ. ಹತ್ತಿರದಿಂದ ತೆಗೆದರೆ ಮೂಗು ಮುಂದೆ ಬರುತ್ತದೆ, ಕಿವಿ ಹಿಂದೆ ಅಡಗುತ್ತದೆ. ದೂರ ನಿಂತು ದೊಡ್ಡ ಅಂಕಿಯ ಲೆನ್ಸಿನಿಂದ ತೆಗೆದರೆ ಮೂಗು ತನ್ನ ಜಾಗಕ್ಕೆ ಹಿಂತಿರುಗುತ್ತದೆ, ಬತ್ತಿದ ಕೆನ್ನೆ ತುಂಬಿಕೊಳ್ಳುತ್ತದೆ. ಇದನ್ನು ಕಂಡುಕೊಂಡ ಮೇಲೆ ಬಂದವರನ್ನು ಬಾಗಿಲಲ್ಲೇ ಒಮ್ಮೆ ನೋಡಿ ಲೆನ್ಸು ಗೊತ್ತುಮಾಡುತ್ತಿದ್ದ. ದುಂಡು ಮುಖಕ್ಕೆ ಐವತ್ತು, ಸಾಧಾರಣಕ್ಕೆ ಎಂಬತ್ತೈದು. ದೇವರು ಸ್ವಲ್ಪ ಅವಸರದಲ್ಲಿ ಮಾಡಿದ ಮುಖವಾದರೆ ನೂರ ಮೂವತ್ತೈದು.

ಅವನದು ಮೂರನೆಯ ಬಗೆಯ ಮುಖ. ವಯಸ್ಸು ಮೂವತ್ತಾರು. ನೋಡಿ ಬಂದ ಸಂಬಂಧಗಳು ಒಂಬತ್ತು. ಒಂಬತ್ತೂ ಮನೆಯವರು ಆಮೇಲೆ ತಿಳಿಸುತ್ತೇವೆಂದು ಹೇಳಿ ಇನ್ನೂ ತಿಳಿಸುತ್ತಿದ್ದಾರೆ. ನಾಸಿಕ್ ರೋಡಿನಲ್ಲಿ ಸಮಾಜದ ವಧು-ವರ ಮೇಳಾವಾ, ಅಂದರೆ ಸಮಾವೇಶ, ನಿಗದಿಯಾದಾಗ ಪ್ರೇಮಾಬಾಯಿ, ಈ ಸಲವೂ ಆಗದಿದ್ದರೆ ತಾನು ಹುಡುಕುವುದನ್ನು ಬಿಡುತ್ತೇನೆ ಎಂದು ಶಾಂತವಾಗಿ ಹೇಳಿದರು. ಅವರು ಹೇಳಿದ್ದನ್ನು ಮಾಡುವವರು. ಹೀಗಾಗಿ ಮೇಳಾವಾದ ಪುಸ್ತಿಕೆಗೆ ತನ್ನ ಫೋಟೋವನ್ನು ತಾನೇ ತೆಗೆಯಲು ಮಲ್ಲಿನಾಥ ಒಂದು ಭಾನುವಾರವನ್ನು ಮೀಸಲಿಟ್ಟ.

ನೂರ ಮೂವತ್ತೈದಕ್ಕೆ ನಾಲ್ಕು ಮೀಟರ್ ದೂರ ಬೇಕು. ಮನೆಯಲ್ಲಿ ಅಷ್ಟು ಜಾಗವಿಲ್ಲ. ಬಾಗಿಲು ತೆರೆದು, ಹೊರಗಿನ ಕಾರಿಡಾರಿನಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ಒಳಗೆ ಅಡುಗೆಮನೆಯ ಗೋಡೆಗೆ ಒರಗಿ ಕುಳಿತ. ನಡುವೆ ಹಾದುಹೋದ ಗ್ಯಾಸ್ ಸಿಲಿಂಡರಿನವನು ಮೂರು ಚಿತ್ರಗಳಲ್ಲಿದ್ದಾನೆ. ಮೂರರಲ್ಲೂ ಇವನಿಗಿಂತ ಚೆನ್ನಾಗಿ ಬಂದಿದ್ದಾನೆ. ಹಣೆಯ ವಿಭೂತಿಯನ್ನು ಇವನು ಎಂದಿನ ಜಾಗದಲ್ಲಿ ಹಚ್ಚಲಿಲ್ಲ. ಒಂದು ಅಂಗುಲ ಮೇಲೆ, ಹಿಂದೆ ಕೂದಲು ಶುರುವಾಗುತ್ತಿದ್ದ ಗಡಿಯಲ್ಲಿ, ಮೂರು ಬೆರಳು ಅಗಲಿಸಿ ದಪ್ಪಗೆ ಎಳೆದ. ಇನ್ನೂರ ಹನ್ನೆರಡನೆಯ ಪ್ರಯತ್ನಕ್ಕೆ ಕ್ಯಾಮೆರಾದಲ್ಲಿ ಒಬ್ಬ ಸುಂದರ ಪುರುಷ ಕಾಣಿಸಿಕೊಂಡ. ತುಂಬಿದ ಕೆನ್ನೆ, ಹದವಾದ ಮೂಗು, ಹಿಂದೆ ಮಂಜಿನಂತೆ ಕರಗಿದ ಪಾತ್ರೆ ಸ್ಟ್ಯಾಂಡು.

ಪ್ರೇಮಾಬಾಯಿ ಕನ್ನಡಕ ಹಾಕಿಕೊಂಡು ನೋಡಿದರು.

“ಯಾರ ಪೈಕಿ ಇವ?”

ತಾನೇ ಎಂದ. ಅವರು ಚಿತ್ರ ನೋಡಿದರು, ಮಗನನ್ನು ನೋಡಿದರು. ಭಾಲ್ಕಿಯ ತಮ್ಮ ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಇಂಥ ಮೂಗು ಯಾರಿಗೂ ಇಲ್ಲವೆಂದರು. ಅದು ಲೆನ್ಸಿನ ಗುಣ ಎಂದು ಇವನು ವಿವರಿಸತೊಡಗಿದ.

“ಹಂಗಿದ್ರ ಆ ಲೆನ್ಸಿಗೇ ಒಂದು ಹೆಣ್ಣ ನೋಡ್ತೀನಿ ತಗೋ,” ಎಂದು ಪ್ರೇಮಾಬಾಯಿ ಕನ್ನಡಕ ತೆಗೆದರು.

ಮೇಳಾವಾದ ದಿನ ತಾಯಿ, ಮಗ ನಸುಕಿನ ಬಸ್ಸು ಹಿಡಿದು ಹತ್ತೂವರೆಗೆ ನಾಸಿಕ್ ರೋಡಿನ ಮಂಗಲ ಕಾರ್ಯಾಲಯ ತಲುಪಿದರು. ಸಂಬಂಧ ಹುಡುಕಿ ಬಂದ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ವೇದಿಕೆ ಹತ್ತಿ, ಮೈಕಿನಲ್ಲಿ ಹೆಸರು, ಓದು, ಎತ್ತರ, ಕೆಲಸ ಹೇಳಿ ಇಳಿಯುವುದು ಪ್ರತಿವರ್ಷದ ಪದ್ಧತಿ. ಈ ವರ್ಷ ಕಾರ್ಯದರ್ಶಿ ಸುಧೀರ ಕಾಕಾ ಒಂದು ಸುಧಾರಣೆ ಮಾಡಿದ್ದರು. ವೇದಿಕೆಯ ಹಿಂದೆ ಹತ್ತು ಅಡಿಯ ಪರದೆ. ಅಭ್ಯರ್ಥಿ ಮಾತಾಡುವಾಗ ಪುಸ್ತಿಕೆಯ ಅವರದೇ ಫೋಟೋ ಪಕ್ಕದಲ್ಲಿ ಕಾಣಬೇಕು.

ಮಲ್ಲಿನಾಥನಿಗೆ ಸಂಗತಿ ಅರ್ಥವಾದದ್ದು ಎಂಟನೆಯ ನಂಬರಿಗೆ. ಅಷ್ಟರಲ್ಲಿ ಅವನು ಫೋಟೋ ತೆಗೆದ ನಾಲ್ವರು ಹತ್ತಿ ಇಳಿದಿದ್ದರು. ಪರದೆಯ ಮೇಲೆ ಗಂಧರ್ವರಂಥವರು, ಮೈಕಿನ ಮುಂದೆ ಮನುಷ್ಯರು. ಹೆಂಗಸರ ಸಾಲಿನಲ್ಲಿ ಪುಸ್ತಿಕೆಗಳು ಬಾಯಿಗೆ ಅಡ್ಡ ಬಂದವು. ಹಿಂದೆ ಭುಜಗಳು ಅಲುಗುತ್ತಿದ್ದವು. ಹದಿನೇಳನೆಯ ನಂಬರಿನ ಹುಡುಗಿ ಪರದೆಯತ್ತ ತಿರುಗಿ ನೋಡಿ ತನ್ನ ಎತ್ತರವನ್ನೇ ಮರೆತಳು. ಆ ದಿನದ ಅರವತ್ತು ಫೋಟೋಗಳಲ್ಲಿ ಹತ್ತೊಂಬತ್ತು ಅವನವು. ಯಾವುದಕ್ಕೆ ಯಾವ ಲೆನ್ಸು ಬಳಸಿದ್ದೇನೆಂಬುದು ಅವನಿಗೆ ನೆನಪಿತ್ತು. ನಕ್ಷೆ ಒಂದು, ಬಿಡಿಭಾಗ ಒಂದು. ಕಾರ್ಖಾನೆಯಲ್ಲಾದರೆ ಇಡೀ ರಾಶಿಗೆ ಕೆಂಪು ಚೀಟಿ ಕಟ್ಟುತ್ತಿದ್ದ.

ಐವತ್ತೊಂದನೆಯದು ಅವನ ನಂಬರು. ಕರೆಯುವ ಮೊದಲು ಸುಧೀರ ಕಾಕಾ, ಇಷ್ಟೊಂದು ಚೆಂದದ ಫೋಟೋಗಳನ್ನು ತೆಗೆದ ಕಲಾವಿದ ಈಗ ಬರುತ್ತಿದ್ದಾನೆಂದು ಅಭಿಮಾನದಿಂದ ಸಾರಿದರು. ತುಂಬಿದ ಸಭೆ ಕುತೂಹಲದಿಂದ ನಿಮಿರಿ ಕುಳಿತಿತು. ಪರದೆಯ ಮೇಲೆ ಆ ಸುಂದರ ಪುರುಷ ಬೆಳಗಿದ.

ಎದುರಿನವರಿಗೆ ಆದಷ್ಟು ದೂರದಿಂದ ಕಾಣುವುದೇ ಕ್ಷೇಮ ಎಂದು ಮಲ್ಲಿನಾಥನ ಬುದ್ಧಿಗೆ ಆ ಗಳಿಗೆಯಲ್ಲಿ ತೋಚಿತು. ಮೈಕನ್ನು ಕೈಗೆ ತೆಗೆದುಕೊಂಡು ಒಂದೊಂದೇ ಹೆಜ್ಜೆ ಹಿಂದೆ ಸರಿದ. ಸರಿಯುತ್ತ ಸರಿಯುತ್ತ ಪ್ರೊಜೆಕ್ಟರಿನ ಬೆಳಕಿನೊಳಗೆ ಹೋದ. ಚಿತ್ರದ ಮೂಗು ಅವನ ಅಂಗಿಯ ಮೇಲೆ ಬಿತ್ತು. ಚಿತ್ರದ ಬಾಯಿ ಹೊಟ್ಟೆಯ ಮೇಲೆ. ವಿಭೂತಿಯ ಪಟ್ಟೆಗಳು ಅವನ ನಿಜವಾದ ಬೋಳು ಹಣೆಗಿಂತ ಎರಡಡಿ ಮೇಲೆ ಉಳಿದವು. ಕಣ್ಣು ಕೋರೈಸಿ ಏನೂ ಕಾಣದೆ, ಅವನು ಎತ್ತರದ ಬದಲು ಲೆನ್ಸಿನ ಅಂಕಿ ಹೇಳಿದ. “ನೂರ ಮೂವತ್ತೈದು,” ಎಂದ.

“ಮಲ್ಲೂ, ಬಾಜೂಕ ಸರಿ,” ಎಂದರು ಸುಧೀರ ಕಾಕಾ ಇನ್ನೊಂದು ಮೈಕಿನಲ್ಲಿ. “ಇಬ್ಬರೂ ಒಂದೇ ಕಡೆ ನಿಂತ್ರ ಯಾರಿಗೂ ತಿಳೀವಲ್ದು.”

ಪುಸ್ತಿಕೆಗಳು ಇನ್ನು ನಗುವನ್ನು ತಡೆಯಲಿಲ್ಲ. ಮೂರನೆಯ ಸಾಲಿನಲ್ಲಿ ಪ್ರೇಮಾಬಾಯಿ ಮಾತ್ರ ಪುಸ್ತಿಕೆಯ ಕೊನೆಯ ಪುಟದ ಅಡುಗೆ ಗುತ್ತಿಗೆದಾರರ ಜಾಹೀರಾತನ್ನು ಗಮನವಿಟ್ಟು ಓದುತ್ತಿದ್ದರು.

ಅವನು ಇಳಿದು ಮೂಲೆಯ ಕುರ್ಚಿ ಹಿಡಿಯುವಾಗ ಐವತ್ತೆರಡನೆಯವಳು ಹತ್ತಿದಳು. ಹೆಸರು ಅನುರಾಧಾ. ದೇವಳಾಲಿ ಕ್ಯಾಂಪಿನಲ್ಲಿ ತಂದೆಯ ಜೊತೆ ಅಂಗಡಿ ನೋಡಿಕೊಳ್ಳುತ್ತಾಳೆ; ಸೈನಿಕರು ಎದೆಗೆ ಹಚ್ಚುವ ಹೆಸರಿನ ಬಿಲ್ಲೆ, ಪದಕದ ರಿಬ್ಬನ್ನು, ಗುರುತಿನ ಚೀಟಿಯ ಫೋಟೋ. ಪರದೆಯ ಮೇಲಿನ ಅವಳ ಚಿತ್ರದಲ್ಲಿ ಮುಖಕ್ಕಿಂತ ಮೊದಲು ಮೂಗು ಬಂದಿತ್ತು, ಕಿವಿ ಇರಲೇ ಇಲ್ಲ. ಮೈಕಿನ ಮುಂದೆ ನಿಂತವಳೋ ಲಕ್ಷಣವಾಗಿದ್ದಳು. ಸಭೆ ಎರಡನ್ನೂ ನೋಡಿ ಮೊದಲ ಬಾರಿಗೆ ಮೆಚ್ಚುಗೆಯಿಂದ ಗುಜುಗುಟ್ಟಿತು. ಆ ದಿನ ವೇದಿಕೆ ಹತ್ತಿದ್ದರಿಂದ ಲಾಭವಾದದ್ದು ಅವಳೊಬ್ಬಳಿಗೇ. ಮೂಲೆಯಲ್ಲಿದ್ದ ಪರಿಣತ ಮಾತ್ರ ಬೇರೆಯೇ ಲೆಕ್ಕದಲ್ಲಿದ್ದ. ಮೊಬೈಲಿನಲ್ಲಿ, ಮೊಣಕೈ ಉದ್ದದ ದೂರದಿಂದ ತೆಗೆದದ್ದು, ಎಂದುಕೊಂಡ.

ಊಟದ ಹೊತ್ತಿಗೆ ಒಬ್ಬ ಹಿರಿಯರು ಪುಸ್ತಿಕೆ ಹಿಡಿದು ಅವನಿದ್ದಲ್ಲಿಗೆ ಬಂದರು. ಅನುರಾಧಾಳ ತಂದೆ ವೈಜನಾಥ. ಪ್ರೊಜೆಕ್ಟರಿನ ಗದ್ದಲದ ಹೊತ್ತಿಗೆ ಅವರು ಹೊರಗೆ ಗಾಡಿ ನಿಲ್ಲಿಸುತ್ತಿದ್ದರು. ಪುಸ್ತಿಕೆಯ ಐವತ್ತೊಂದನೆಯ ನಂಬರಿಗೆ ಮನೆಯಲ್ಲೇ ಪೆನ್ನಿನಿಂದ ಸುತ್ತು ಹಾಕಿ ತಂದಿದ್ದರು. ಈ ಹುಡುಗ ಎಲ್ಲಿದ್ದಾನೆಂದು ವಿಚಾರಿಸಿದರು. ತಾನೇ ಎಂದು ಮಲ್ಲಿನಾಥ ಜೋಳದ ಭಕ್ರಿ ಕೆಳಗಿಟ್ಟ.

ವೈಜನಾಥರು ಪುಸ್ತಿಕೆಯನ್ನು ಸ್ವಲ್ಪ ದೂರ ಹಿಡಿದು ನೋಡಿದರು. “ಇವರು ನಿಮ್ಮ ತಮ್ಮ ಏನ್ರಿ?”

ಉತ್ತರ ಕೊಡುವಷ್ಟರಲ್ಲಿ ಅನುರಾಧಾ ಬಂದು ತಂದೆಯ ಪಕ್ಕ ನಿಂತಳು. ಮೊದಲ ಭೇಟಿಯಲ್ಲಿ ಆಡಬಹುದಾದ ಮಾತುಗಳು ನೂರಿದ್ದವು. ಮಲ್ಲಿನಾಥ ಆರಿಸಿಕೊಂಡದ್ದು, ಅವಳ ಚಿತ್ರವನ್ನು ತೀರ ಹತ್ತಿರದಿಂದ ತೆಗೆದಿದ್ದಾರೆ, ಅದಕ್ಕೇ ಮೂಗು ಅಷ್ಟು ದೊಡ್ಡದಾಗಿ ಬಂದಿದೆ ಎಂಬುದನ್ನು. ಇನ್ನೂ ಒಂದೂವರೆ ಮೀಟರ್ ಹಿಂದೆ ನಿಲ್ಲಬೇಕಿತ್ತು ಎಂದೂ ಸೇರಿಸಿದ.

ಅನುರಾಧಾ ಸಮಾಧಾನವಾಗಿ ಕೇಳಿಸಿಕೊಂಡಳು.

“ನನ್ನ ಮೂಗು ನನಗ ಗೊತ್ತದರಿ,” ಎಂದಳು. “ನಿಮ್ಮದನ್ನ ಎಲ್ಲಿಟ್ಟು ಬಂದೀರಿ, ಅದನ್ನ ಹೇಳ್ರಿ.”

ಅವನಿಗೆ ನಗು ಬಂತು. ಒಂಬತ್ತು ಮನೆಗಳಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಗಂಭೀರವಾಗಿ ಕುಳಿತಿದ್ದವನು ಇಲ್ಲಿ, ಬೆಳಕಿನೊಳಗೆ ಸಿಕ್ಕಿಬಿದ್ದಾಗ ತನ್ನ ಹೊಟ್ಟೆಯ ಮೇಲೆ ಬಾಯಿ ಮೂಡಿದ್ದನ್ನು ತಾನೇ ವರ್ಣಿಸಿದ. ಇನ್ನೂರ ಹನ್ನೆರಡು ಪ್ರಯತ್ನ, ಗ್ಯಾಸ್ ಸಿಲಿಂಡರಿನವನು, ಮೇಲೇರಿದ ವಿಭೂತಿ, ಎಲ್ಲವನ್ನೂ ಒಪ್ಪಿಸಿದ. ವೈಜನಾಥರು ಮೊದಲು ಅನುಮಾನದಿಂದ ಕೇಳಿ, ಕೊನೆಗೆ ಕೆಮ್ಮು ಬರುವಷ್ಟು ನಕ್ಕರು. ಆದರೂ ಒಂದು ತೊಡಕಿತ್ತು. ಕಮಲಾಪುರದಲ್ಲಿರುವ ಅವರ ತಾಯಿ ಫೋಟೋ ನೋಡಿ ಹೂಂ ಅನ್ನದೆ ಆ ಮನೆಯಲ್ಲಿ ಯಾವ ಸಂಬಂಧವೂ ಮುಂದೆ ಹೋಗುವುದಿಲ್ಲ. ಅನುರಾಧಾ ಪುಸ್ತಿಕೆಯ ಫೋಟೋ ಕಳಿಸಲು ಒಪ್ಪಲಿಲ್ಲ. ಅದನ್ನು ನೋಡಿ ಅಜ್ಜಿ ಹೂಂ ಅಂದರೆ, ಇವರು ಬಾಗಿಲಿಗೆ ಬಂದ ದಿನ ಹುಡುಗನನ್ನು ಯಾಕೆ ಕರೆತರಲಿಲ್ಲ ಎಂದು ಕೇಳುತ್ತಾಳೆ ಎಂದಳು. ಹೊಸದು ಬೇಕು.

ನಾಲ್ಕು ಗಂಟೆಗೆ ಮಲ್ಲಿನಾಥ ತಾಯಿಯೊಂದಿಗೆ ದೇವಳಾಲಿ ಕ್ಯಾಂಪಿನ ಅಂಗಡಿಯಲ್ಲಿದ್ದ. ಗಾಜಿನ ಕಪಾಟಿನಲ್ಲಿ ರಿಬ್ಬನ್ನುಗಳು, ಹಿಂದೆ ಬಿಳಿಯ ಬಟ್ಟೆ, ಮುಂದೆ ಒಂದು ಸ್ಟೂಲು. ಎಲ್ಲಿಗೆ ಹೋದರೂ ಹೆಗಲಲ್ಲಿರುವ ಕ್ಯಾಮೆರಾ ಚೀಲ ಬಿಚ್ಚಿ ಮೂರು ಲೆನ್ಸುಗಳನ್ನು ಕೌಂಟರಿನ ಮೇಲೆ ಸಾಲಾಗಿಟ್ಟ. ಬಾಗಿಲಿಗೆ ಬಂದವರಿಗೆ ಒಂದೇ ನೋಟದಲ್ಲಿ ಲೆನ್ಸು ಗೊತ್ತುಮಾಡುತ್ತಿದ್ದವನ ಕೈ ಈಗ ಮೂರರ ಮೇಲೂ ಆಡಿತು. ನೂರ ಮೂವತ್ತೈದನ್ನು ಮುಟ್ಟುವ ಧೈರ್ಯವಿರಲಿಲ್ಲ. ಎಂಬತ್ತೈದು ಮಧ್ಯಮ ಮಾರ್ಗ ಎಂದು ವಾದಿಸಿದ. ಪೂರ್ತಿ ಸುಳ್ಳಲ್ಲ, ಅಜ್ಜಿಗೆ ಗಾಬರಿಯೂ ಆಗುವುದಿಲ್ಲ. ಸ್ಟೂಲಿನ ಮೇಲೆ ಕುಳಿತ ಪ್ರೇಮಾಬಾಯಿ ಮಗನ ಕೈಯನ್ನೇ ನೋಡುತ್ತಿದ್ದರು.

“ಈಗ ಇಲ್ಲಿಂದ ನಾ ನಿಮ್ಮನ್ನ ನೋಡ್ಲತ್ತೀನಲ್ಲ,” ಎಂದಳು ಅನುರಾಧಾ ಕೌಂಟರಿನ ಆಚೆಯಿಂದ. “ಇದ್ದದ್ದು ಇಷ್ಟೇ ಕಾಣಸೋದು ಇದರಾಗ ಯಾವುದು?”

ಅವನು ಐವತ್ತನ್ನು ಮುಂದೆ ಸರಿಸಿದ. ಅದರಿಂದ ತನ್ನ ಫೋಟೋವನ್ನು ಒಮ್ಮೆಯೂ ತೆಗೆದುಕೊಂಡಿರಲಿಲ್ಲ.

ಅನುರಾಧಾ ಕ್ಯಾಮೆರಾ ತೆಗೆದುಕೊಂಡಳು. ಪ್ರೇಮಾಬಾಯಿ ಎದ್ದು ಸ್ಟೂಲು ಬಿಟ್ಟುಕೊಟ್ಟು, ಮಗ ಅಂದೂ ಹಣೆಯ ಮೇಲ್ಭಾಗದಲ್ಲೇ ಹಚ್ಚಿಕೊಂಡಿದ್ದ ವಿಭೂತಿಯನ್ನು ಸೆರಗಿನ ತುದಿಯಿಂದ ಒರೆಸಿ, ಇರಬೇಕಾದ ಜಾಗದಲ್ಲಿ ಹೊಸದಾಗಿ ಮೂರು ಗೆರೆ ಎಳೆದರು. ಅನುರಾಧಾ ದಿನಾಲೂ ಸೈನಿಕರಿಗೆ ಹೇಳುವುದನ್ನೇ ಹೇಳಿದಳು: ನೆಟ್ಟಗೆ ನೋಡ್ರಿ, ಕಿವಿ ಎರಡೂ ಕಾಣಬೇಕು. ಒಂದೇ ಸಲ ಒತ್ತಿದಳು. ಇನ್ನೊಂದು ತೆಗೆಯಬಹುದೇ ಎಂದು ಅವನು ಕೇಳಿದ. ಗುರುತಿನ ಚೀಟಿಗೆ ಎರಡನೆಯದು ತೆಗೆಯುವ ಪದ್ಧತಿಯಿಲ್ಲ ಎಂದಳು.

ಅಂಗಡಿಯ ಯಂತ್ರ ಒಂದು ಹಾಳೆಗೆ ಎಂಟರಂತೆ ಮಾತ್ರ ಅಚ್ಚು ಹಾಕುತ್ತಿತ್ತು. ಎಂಟು ಮಲ್ಲಿನಾಥರು, ಎಂಟು ಮೂಗು, ಹದಿನಾರು ಕಿವಿ. ಒಂದು ಅಜ್ಜಿಗೆಂದು ಲಕೋಟೆಗೆ ಹೋಯಿತು. ಆರನ್ನು ಅವನಿಗೆ ಕೊಟ್ಟಳು. ಉಳಿದ ಒಂದು ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿಗೆ ಸೇರಿದ್ದನ್ನು ಅವನು ನೋಡಿದ, ನೋಡದವನಂತೆ ಲೆನ್ಸಿನ ಮುಚ್ಚಳ ಹುಡುಕಿದ.

ಆರನೆಯ ದಿನ, ಬಿಡಕಿನ್‌ನ ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ, ಅನುರಾಧಾಳ ಧ್ವನಿ ಸಂದೇಶ ಬಂತು. ಅಜ್ಜಿ ಹೂಂ ಅಂದಿದ್ದಳು. ಹುಡುಗ ಎದುರಿಗೇ ಕುಂತಂಗ ಅದಾನ, ಕಿವಿ ಛಲೋ ಅವ, ಹೇಳಿದ ಮಾತು ಕೇಳ್ತಾನ ಎಂಬುದು ಅವಳ ತೀರ್ಪು. ಬರುವ ಭಾನುವಾರ ಅವರೆಲ್ಲ ಸಂಭಾಜಿನಗರಕ್ಕೆ ಮನೆ ನೋಡಲು ಬರುತ್ತಾರೆ.

ಎರಡನೆಯ ಸಂದೇಶ ಹಿಂದೆಯೇ ಬಂತು. ವೈಜನಾಥರು ಲಕೋಟೆಯ ಜೊತೆ ಮೇಳಾವಾದ ಪುಸ್ತಿಕೆಯನ್ನೂ ಇಟ್ಟು ಕಳಿಸಿಬಿಟ್ಟಿದ್ದರಂತೆ. ಅಜ್ಜಿ ಅದನ್ನೂ ಪುಟ ಬಿಡದೆ ನೋಡಿದ್ದಾಳೆ. “ಆ ಐವತ್ತೊಂದನೇ ನಂಬರಿನವ ಈ ಹುಡುಗನ ತಮ್ಮ ಇರಬೇಕು, ಅವನನ್ನ ನಮ್ಮ ಮೈತ್ರೇಯಿಗೆ ಕೇಳ್ರಿ ಅಂತ ಹಟ ಹಿಡದಾಳ. ಮೈತ್ರೇಯಿ ನನ್ನ ಕಾಕಾನ ಮಗಳು. ಫೋಟೋ ನೋಡಿ ಆಕೀನೂ ಒಪ್ಪ್ಯಾಳ. ಈಗ ಏನ್ ಹೇಳಬೇಕ್ರಿ?”

ಮಲ್ಲಿನಾಥ ಮೇಜಿನ ಮೇಲಿದ್ದ ಕೆಂಪು ಚೀಟಿಯ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಒಂದು ಚೀಟಿ ಹರಿದು, ಅದರ ಮೇಲೆ ನಂಬರು ಐವತ್ತೊಂದು ಎಂದು ಬರೆದು, ಕಾರಣದ ಜಾಗದಲ್ಲಿ, ನಾಲ್ಕು ಮೀಟರಿಗಿಂತ ಹತ್ತಿರ ಬರುವುದಿಲ್ಲ ಎಂದು ತುಂಬಿ, ಕೆಳಗೆ ತಪಾಸಣೆಯವನ ಸಹಿ ಹಾಕಿದ. ಫೋಟೋ ತೆಗೆದು ಅವಳಿಗೆ ಕಳಿಸಿದ. ಮೊಬೈಲು ತೀರ ಹತ್ತಿರ ಹಿಡಿದದ್ದರಿಂದ ಅದರಲ್ಲಿ ಚೀಟಿಗಿಂತ ಅವನ ಹೆಬ್ಬೆರಳೇ ದೊಡ್ಡದಾಗಿ ಬಂದಿತ್ತು.