ಒಬ್ಬರ ಡಬ್ಬಿ

ಬ್ರೆಡ್ಡಿನ ಡಬ್ಬಿ ಮಾಡಿಸಲು ಬಂದವರನ್ನು ತಗಡಿನ ಮೇಸ್ತ್ರಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಮನೇಲಿ ತಿನ್ನೋರು ಎಷ್ಟು ಜನ?" ಗಿರಾಕಿ ಉದ್ದ, ಅಗಲ ಎಂದು ಬಾಯಿ ತೆರೆದರೆ ಸಿಡುಕುತ್ತಿದ್ದ. "ಉದ್ದಗಲ ನನಗೆ ಬಿಡಿ. ತಿನ್ನೋರ ಲೆಕ್ಕ ಹೇಳಿ." ಮಾತು ಒರಟು, ಕೈ ಮಾತ್ರ ಬಂಗಾರ. ಅವನ ಡಬ್ಬಿಯಲ್ಲಿ ಬೆಂದ ಬ್ರೆಡ್ಡು ಅಂಚಿನ ಮೇಲೆ ಬೆರಳಗಲ ಉಬ್ಬಿ ನಿಲ್ಲುತ್ತಿತ್ತು. ಸ್ಯಾಂಡ್‌ವಿಚ್ಚಿಗೆ ಕೊಯ್ದರೆ ಹೋಳುಗಳೆಲ್ಲ ಒಂದೇ ಅಳತೆ.

ಅದರಲ್ಲಿ ಬ್ರಹ್ಮವಿದ್ಯೆಯೇನೂ ಇರಲಿಲ್ಲ. ಡಬ್ಬಿಗೆ ಅಂಚಿನವರೆಗೆ ನೀರು ಹುಯ್ದು ತೂಗಬೇಕು. ಆ ನೀರಿನ ಅರ್ಧ ತೂಕದಷ್ಟು ನಾದಿದ ಹಿಟ್ಟು ಹಾಕಬೇಕು. ಡಬ್ಬಿ ದೊಡ್ಡದಾದರೆ ಬ್ರೆಡ್ಡು ಕುಳ್ಳಾಗುತ್ತದೆ, ಚಿಕ್ಕದಾದರೆ ಉಕ್ಕಿ ಒಲೆಯ ಪಾಲಾಗುತ್ತದೆ. ಇದನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡ ಸಂಗತಿ ಬೇರೊಂದಿತ್ತು.

ಹಿಂದೊಮ್ಮೆ ಮೂಲೆಮನೆಯ ದರ್ಜಿಯ ಹೆಂಡತಿ ಡಬ್ಬಿ ಹಿಡಿದು ಬಂದಿದ್ದಳು. "ಅದೇ ಡಬ್ಬಿ, ಅದೇ ಹಿಟ್ಟು, ಬ್ರೆಡ್ಡು ಮಾತ್ರ ಅಂಚಿಗೆ ಬರ್ತಾನೇ ಇಲ್ಲ ಅಣ್ಣಾ." ಮೇಸ್ತ್ರಿ ನೀರು ಹುಯ್ದು ನೋಡಿದ, ಡಬ್ಬಿಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. "ಯೀಸ್ಟ್ ಹಳೇದಿರ್ಬೇಕು ತಾಯಿ" ಎಂದು ಕಳಿಸಿದ. ಸ್ವಲ್ಪ ದಿನಕ್ಕೆ ದರ್ಜಿ ಹೆಂಡತಿಯ ತಿಥಿ ಮುಗಿಸಿ ಒಬ್ಬನೇ ಬಂದು, ತಲೆ ತಗ್ಗಿಸಿ, ಚಿಕ್ಕ ಡಬ್ಬಿ ಕೇಳಿದ. ಆಮೇಲೆ ಬಸ್ಸು ಓಡಿಸುವವನ ಮನೆಯಲ್ಲೂ ಹಾಗೇ ಆಯಿತು: ಮೊದಲು ಬ್ರೆಡ್ಡು ಕುಗ್ಗಿತು, ಆಮೇಲೆ ಮನೆಯ ಲೆಕ್ಕ ಕುಗ್ಗಿತು. ಅಂದಿನಿಂದ ಬ್ರೆಡ್ಡು ಏರುತ್ತಿಲ್ಲವೆಂದು ಯಾರಾದರೂ ದೂರಿದರೆ ಮೇಸ್ತ್ರಿ ಕೈಲಿದ್ದ ಸುತ್ತಿಗೆ ಕೆಳಗಿಡುತ್ತಿದ್ದ.

ಅಂಥ ಬ್ರೆಡ್ಡು ಈಗ ಅವನ ಮನೆಯ ಒಲೆಯಿಂದಲೇ ಹೊರಬಂತು.

ಮಕ್ಕಳಿಲ್ಲದ ಮನೆ. ಮದುವೆಯಾದ ಹೊಸತರಲ್ಲಿ ಮೇಸ್ತ್ರಿ ಮಾಡಿಕೊಟ್ಟ ಇಬ್ಬರ ಡಬ್ಬಿಯಲ್ಲೇ ಹೆಂಡತಿ ಈಗಲೂ ಬ್ರೆಡ್ಡು ಬೇಯಿಸುತ್ತಿದ್ದಳು. ಒಂದು ದಿನ ಬ್ರೆಡ್ಡು ಅಂಚಿಗಿಂತ ಒಂದು ಬೆರಳು ಕೆಳಗೆ ನಿಂತಿತು. ಮುಂದಿನ ಸಲ ಇನ್ನೂ ಕೆಳಗೆ. ಮೇಸ್ತ್ರಿ ಹಿಟ್ಟಿನಂಗಡಿಯವನ ಜೊತೆ ಜಗಳವಾಡಿದ, ಯೀಸ್ಟ್ ಬದಲಿಸಿದ, ಗಾಳಿ ಬರುತ್ತದೆಂದು ಅಡುಗೆಮನೆಯ ಕಿಟಕಿ ಬಿಗಿದ. ಕೊನೆಗೆ ಅವಳು ಹಿಟ್ಟು ತೂಗುವಾಗ ಪಕ್ಕದಲ್ಲೇ ನಿಂತ.

"ನೀವು ಹಿಂಗೆ ಕಾವಲು ನಿಂತ್ರೆ ಹಿಟ್ಟಿಗೂ ನಾಚ್ಕೆ ಆಗತ್ತೆ ರೀ" ಎಂದು ಅವಳು ನಕ್ಕಳು.

ತೂಕ ಸರಿಯಾಗಿಯೇ ಇತ್ತು. ಹಿಟ್ಟನ್ನು ಡಬ್ಬಿಯಲ್ಲಿಟ್ಟು ಬಟ್ಟೆ ಮುಚ್ಚಿದರು. ಸಾಕಷ್ಟು ಹೊತ್ತು ಬಿಟ್ಟು ಮೇಸ್ತ್ರಿ ಬಟ್ಟೆ ಎತ್ತಿ ನೋಡಿದ. ಹಿಟ್ಟು ಡಬ್ಬಿಯ ಒಂದು ಮಗ್ಗುಲಿಗೆ ಮಾತ್ರ ಏರಿತ್ತು. ಇನ್ನೊಂದು ಮಗ್ಗುಲು, ಹಾಸಿಗೆಯಲ್ಲಿ ಯಾರೋ ಎದ್ದುಹೋದ ಜಾಗದ ಹಾಗೆ, ತಗ್ಗಾಗಿತ್ತು. ಮುಟ್ಟಿದ, ಆ ಕಡೆ ತಣ್ಣಗಿತ್ತು. ಹೆಂಡತಿ ನೋಡುವ ಮೊದಲೇ ಬಟ್ಟೆ ಮುಚ್ಚಿಬಿಟ್ಟ.

ಹೆದರಿಕೆ ಹೆಚ್ಚಾದರೆ ಕೆಲವರು ದೇವರ ಮುಂದೆ ಕೂರುತ್ತಾರೆ. ನಮ್ಮ ಮೇಸ್ತ್ರಿ ತಗಡಿನ ಮುಂದೆ ಕೂತ. ಬ್ರೆಡ್ಡು ಡಬ್ಬಿಗೆ ಸಾಲದಿದ್ದರೆ ಡಬ್ಬಿಯನ್ನೇ ಕಿರಿದು ಮಾಡಿದರಾಯಿತು, ತುಂಬಿದ ಡಬ್ಬಿ ಕಂಡರೆ ಬಾಗಿಲಿಗೆ ಬಂದ ಸಾವು ದಾರಿ ತಪ್ಪಿ ಹೋದೀತು ಎಂಬ ಹಟ ಅವನದು. ಹುಚ್ಚು ಲೆಕ್ಕವೇ ಸರಿ, ಆದರೆ ಅವನಿಗೆ ಬರುತ್ತಿದ್ದುದು ಆ ಕೆಲಸ ಒಂದೇ. ಅಳೆಯದೆಯೇ ಕತ್ತರಿಸಿದ, ಮಡಿಸಿದ, ಬೆಸೆದ. ಹೊಸ ಡಬ್ಬಿಯನ್ನು ಮನೆಗೆ ತಂದು, "ಇವತ್ತು ಇದ್ರಲ್ಲಿ ಹಾಕು. ಹಿಟ್ಟು ಅಷ್ಟೇ ಇರ್ಲಿ" ಎಂದ.

"ಇಷ್ಟು ಚಿಕ್ಕದ್ರಲ್ಲಿ? ಉಕ್ಕಿ ಒಲೆಯೆಲ್ಲ ಗಬ್ಬೆದ್ದು ಹೋಗತ್ತೆ."

"ಹೋಗ್ಲಿ. ಹಾಕು."

ಉಕ್ಕಬೇಕಾಗಿತ್ತು. ಉಕ್ಕಲಿ ಎಂದು ಅವನು ಜೀವ ಕೈಯಲ್ಲಿ ಹಿಡಿದು ಕಾದ. ಬ್ರೆಡ್ಡು ಅಂಚಿನ ಮೇಲೆ ಸರಿಯಾಗಿ ಬೆರಳಗಲ ಉಬ್ಬಿ ನಿಂತಿತು. ಹೊಂಬಣ್ಣ, ನಾಲ್ಕು ಮೂಲೆಯೂ ಸಮ. ಅಷ್ಟು ಚೆಂದದ ಬ್ರೆಡ್ಡು ಆ ಮನೆಯಲ್ಲಿ ಎಂದೂ ಆಗಿರಲಿಲ್ಲ.

"ನೋಡಿದ್ಯಾ? ತಪ್ಪು ಡಬ್ಬೀದು!" ಎಂದು ಮೇಸ್ತ್ರಿ ಕೂಗಿದ. ಮರುಗಳಿಗೆ ಅವನ ಕಣ್ಣು ಡಬ್ಬಿಯ ಮೇಲೆ ನಿಂತಿತು. ಇದೇ ಅಳತೆಯ ಡಬ್ಬಿಗಳನ್ನು ಅವನು ಎಷ್ಟೋ ಮಾಡಿದ್ದ. ದರ್ಜಿಗೆ ಕೊಟ್ಟದ್ದೂ ಇದೇ. ಒಂಟಿಯಾಗಿ ಉಣ್ಣುವವರ ಡಬ್ಬಿ. ಅಳೆಯದ ಕೈ ತಾನಾಗಿ ಅದನ್ನೇ ಕತ್ತರಿಸಿತ್ತು.

ಇನ್ನು ತಿಳಿಯಬೇಕಾದದ್ದು ಉಳಿಯುವವರು ಯಾರು ಎಂಬುದೊಂದೇ. ನಾನೇ ಹೋಗುವಂತಾಗಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಅಷ್ಟು ಪ್ರೀತಿ ತನ್ನೊಳಗೆ ಇತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಹೆಂಡತಿ ಬ್ರೆಡ್ಡು ಆರಿದ ಮೇಲೆ ನಿಧಾನವಾಗಿ ಹೋಳು ಮಾಡಿದಳು, ಬೆಣ್ಣೆ ಸವರಿದಳು, ಎಲ್ಲವನ್ನೂ ಅವನ ತಟ್ಟೆಗೇ ಹಾಕಿದಳು.

"ನಿಂಗೆ?"

"ನಂಗೆ ಹಸಿವಿಲ್ಲ ರೀ. ನೀವು ತಿನ್ನಿ."

ಅವಳು ಸಲೀಸಾಗಿ ಅಂದಳು, ದಿನಾ ಹೇಳುವ ಮಾತಿನ ಹಾಗೆ. ಮೇಸ್ತ್ರಿ ಮೊದಲ ಸಲ ಡಬ್ಬಿ ಬಿಟ್ಟು ಅವಳ ಮುಖ ನೋಡಿದ. ಕೆನ್ನೆ ಒಳಗೆ ಹೋಗಿತ್ತು, ಬಳೆಗಳು ಮೊಣಕೈಗೆ ಜಾರಿದ್ದವು. ಈ ಮಾತನ್ನು ಅವಳು ಯಾವಾಗಿನಿಂದ ಹೇಳುತ್ತಿದ್ದಾಳೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ.