ಹಿಂದಿನ ಸೀಟಿನಲ್ಲಿ ಅವ್ವ

ಶರಣಿ, ಆ ದಿನ ಮಸ್ಕಿಯಲ್ಲಿ ನೀನು ನನ್ನ ಪಿಕಪ್ ಹತ್ತಿ ಅವ್ವನ ಪಕ್ಕದಲ್ಲಿ ಕುಳಿತಾಗ ಅವ್ವ ನಿದ್ದೆ ಮಾಡುತ್ತಿರಲಿಲ್ಲ. ಆಗಲೇ ಸತ್ತಿದ್ದಳು. ಅದು ನನಗೆ ಗೊತ್ತಿತ್ತು — ಗೊತ್ತಿದ್ದೇ ನಿನ್ನನ್ನು ಹತ್ತಿಸಿಕೊಂಡೆ.

ಇಷ್ಟು ಹೇಳುವುದಕ್ಕೆ ನಿನ್ನ ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾಗಬೇಕಾಯಿತು. ಹೋದ ವಾರ ನೀನು, ನಿನ್ನ ಗಂಡ ಮಲ್ಲೇಶ ಜವಳಗೇರಾದ ನಮ್ಮ ಮನೆಗೆ ಬರದಿದ್ದರೆ ಈಗಲೂ ಹೇಳುತ್ತಿರಲಿಲ್ಲವೇನೋ. ಬಾಡಿಗೆಗೆ ಕೊಡುವ ಶಾಮಿಯಾನದ ಕಂಬ, ಅಡುಗೆ ಪಾತ್ರೆ ಹೇರಲಿಕ್ಕೂ ಆಗಬೇಕು, ಮಕ್ಕಳನ್ನು ಕೂಡಿಸಿಕೊಂಡು ಮದುವೆ ಮುಂಜಿಗೆ ಹೋಗಲಿಕ್ಕೂ ಆಗಬೇಕು, ಅಂಥ ಗಾಡಿ ಹುಡುಕುತ್ತಿದ್ದೀರಿ ಎಂದಿರಿ. ಸಿಂಧನೂರಿನಲ್ಲಿ ಇರುವುದನ್ನೆಲ್ಲ ನೋಡಿ ಬಂದಿದ್ದಿರಿ. ಮಲ್ಲೇಶ ಚಹಾ ಕುಡಿಯುತ್ತ, "ಸಿಂಗಲ್ ಕ್ಯಾಬಿನ್ ತಗೊಂಡ್ರ ಲೋಡ್ ಭಾಳ ಹಿಡಿತೈತ್ರೀ, ಮಕ್ಕಳು ಹಿಂದ ಬಿಸಲಾಗ ಕುಂದ್ರಬೇಕು. ಕಾರ್ ತಗೊಂಡ್ರ ಒಂದು ಹಂಡೆನೂ ಹಿಡ್ಯಾಂಗಿಲ್ಲ" ಎಂದ. ನಾನು ಜಾಣನಂತೆ ಸಲಹೆ ಕೊಡಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನು ಅಂದೆ:

"ಹೊಸಾದು ಬ್ಯಾಡ ಅಣ್ಣ. ನಿನ್ನ ಗಾಡೀನ ನಮಗ ಕೊಡು. ಆ ಸೀಟಿನ ಮ್ಯಾಲೆ ಅವ್ವ ನನ್ನ ಕೈ ಹಿಡಿದಾಳ."

 ನೋಡೋಣ ಎಂದೆ ನಾನು. ನಿನ್ನ ಮುಖ ಸಣ್ಣದಾಯಿತು. ಕೊಡಲು ಮನಸ್ಸಿಲ್ಲ ಎಂದುಕೊಂಡೆಯೇನೋ. ಆ ಗಾಡಿಯನ್ನು ಕೊಡುವುದಕ್ಕೆ ನನಗೆ ಒಂದಿಷ್ಟೂ ಬೇಜಾರಿಲ್ಲ, ಶರಣಿ. ಆದರೆ ನೀನು ಏನನ್ನು ಕೇಳುತ್ತಿದ್ದೀ ಎನ್ನುವುದು ನಿನಗೆ ಗೊತ್ತಿಲ್ಲ.

ಆ ಗಾಡಿಯನ್ನು ಆರಿಸಿದ್ದೇ ಅವ್ವ. ಆಗ ನೀನು ಮಲ್ಲೇಶನನ್ನು ಮದುವೆಯಾಗಿ ಮನೆ ಬಿಟ್ಟಿದ್ದೆ. ಅವನು ನಮ್ಮ ಜಾತಿಯವನಲ್ಲ ಎಂದು ನಾನು ನಿನ್ನ ಹೆಸರನ್ನೇ ಮನೆಯಲ್ಲಿ ಎತ್ತಗೊಡುತ್ತಿರಲಿಲ್ಲ. ನಿನ್ನ ಅತ್ತಿಗೆ ಸುಜಾತಾಗೆ ಕಾರು ಬೇಕಿತ್ತು; ನನಗೆ ಅಂಗಡಿಗೆ ಬೀಜ, ಗೊಬ್ಬರ ತರುವ ಗಾಡಿ ಬೇಕಿತ್ತು. ಮಾರುವವನು ಗಂಡ-ಹೆಂಡತಿ ಇಬ್ಬರನ್ನೂ ಒಪ್ಪಿಸಿ ಒಪ್ಪಿಸಿ ಸುಸ್ತಾಗಿದ್ದ. ಅವ್ವ ಮಾತ್ರ ಒಂದೊಂದೇ ಗಾಡಿಯನ್ನು ಹತ್ತಿ ಇಳಿದು ನೋಡುತ್ತಿದ್ದಳು. ಹಿಂದೆ ಇನ್ನೊಂದು ಸಾಲು ಸೀಟು, ಅದರ ಹಿಂದೆ ಸರಕು ಹೇರುವ ಗಿಡ್ಡ ಡಬ್ಬಿ ಇರುವ ಈ ಡಬಲ್ ಕ್ಯಾಬಿನ್ನಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, "ಇದ ಇರಲಿ. ಚೀಲಾನೂ ಬರ್ತಾವು, ನಾನೂ ಬರ್ತೀನಿ" ಎಂದಳು. ಖಾಲಿ ಇದ್ದಾಗ ಹಿಂಭಾಗ ಕುಣಿಯುತ್ತದೆ, ಒಂದೆರಡು ಚೀಲ ಹಾಕಿದರೆ ಮೆತ್ತಗೆ ಹೋಗುತ್ತದೆ ಎಂದು ಮಾರುವವನು ಹೇಳಿದ್ದ. ಅದು ನಿಜವೇ ಆಗಿತ್ತು.

ಬಾಗಲಕೋಟೆಯ ಆಸ್ಪತ್ರೆಯವರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ದಿನ ಸುಜಾತಾ ಮನೆ ಅಣಿ ಮಾಡಲು ಮುಂಚೆಯೇ ಹೋಗಿದ್ದಳು. ಆಂಬುಲೆನ್ಸ್ ಬೇಡ, ನನ್ನ ಗಾಡಿಯೇ ಇದೆಯಲ್ಲ ಎಂದೆ. ಗತ್ತು! ಹಿಂದಿನ ಸೀಟಿನಲ್ಲಿ ಎರಡು ದಿಂಬು ಹಾಕಿ ಅವ್ವನನ್ನು ಮಲಗಿಸಿದೆ. ಡಬ್ಬಿ ಖಾಲಿ. ಹುನಗುಂದ ದಾಟಿದ ಮೇಲೂ ಗಾಡಿ ಕುಣಿದಾಗಲೆಲ್ಲ ಅವಳು ನರಳುತ್ತಿದ್ದಳು, ಒಂದಾದರೂ ಚೀಲ ಹಾಕಿಕೊಳ್ಳಬೇಕಿತ್ತು ಎಂದು ನಾನು ಬೈದುಕೊಳ್ಳುತ್ತಿದ್ದೆ.

ಲಿಂಗಸುಗೂರಿನಲ್ಲಿ ನೀರು ಕುಡಿಸಲು ನಿಲ್ಲಿಸಿದೆ. ನಡುಮಧ್ಯಾಹ್ನ. ಅವ್ವ ಕಣ್ಣು ಬಿಟ್ಟು, "ಮಸ್ಕ್ಯಾಗ ಇಳಸಪಾ ನನ್ನ. ಶರಣಿ ಮನ್ಯಾಗ ಒಂದೆರಡು ದಿನ ಇರ್ತೀನಿ" ಎಂದಳು.

"ಸುಮ್ನ ಮಲಕೋ ಬೇ. ನಮ್ಮನಿಗೆ ಹೋಗೂಣು," ಎಂದೆ ನಾನು. ಹೀಗೇ ಅಂದೆ — ಬದಲಿಸಿ ಬರೆಯುತ್ತಿಲ್ಲ.

ಅವಳು ನೀರಿನ ಬಾಟಲಿಯನ್ನು ಪಕ್ಕಕ್ಕೆ ಸರಿಸಿದಳು. "ಹಂಗಾರ ಅಕಿಗೆ ಒಂದು ಮಾತು ಹೇಳು. ಹೆಣ್ಣು ಹುಟ್ಟಿದ್ರ ನನ್ನ ಹೆಸರು ಇಡಬ್ಯಾಡ ಅನ್ನು. ಹೆಸರಿನ ಜೋಡಿ ನನ್ನ ಹಣಿಬರಾನೂ ಬರ್ತೈತಿ."

 ನಾನು ಬಾಟಲಿಯ ಮುಚ್ಚಳ ತಿರುಗಿಸಿ ಗಾಡಿ ಬಿಟ್ಟೆ. ಊರು ದಾಟಿ ತುಸು ದೂರ ಬಂದ ಮೇಲೆ ನರಳುವುದು ನಿಂತಿದೆ ಎಂದು ಹೊಳೆಯಿತು. ಬೇವಿನ ಮರದ ಕೆಳಗೆ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದೆ.

ಮುಗಿದಿತ್ತು.

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ; ಕುಳಿತ ಹಾಗೇ ಮಣ್ಣು ಮಾಡುತ್ತೇವೆ. ತಡವಾದರೆ ಮೈ ಸೆಟೆದುಕೊಂಡು ಕೂಡಿಸಲು ಬರುವುದಿಲ್ಲ ಎನ್ನುವುದು ನನಗೆ ಗೊತ್ತು. ಅಳುವ ಮೊದಲೇ ನಾನು ಮಾಡಿದ ಕೆಲಸ ಅದು — ಅವ್ವನನ್ನು ಎತ್ತಿ ಕೂಡಿಸಿದೆ, ಕಾಲು ಮಡಚಿದೆ, ಶಾಲಿನಿಂದ ಸೀಟಿಗೆ ಕಟ್ಟಿದೆ, ಕಣ್ಣು ಮುಚ್ಚಿದೆ, ಹಣೆಗೆ ವಿಭೂತಿ ಹಚ್ಚಿದೆ. ಹಚ್ಚಿ ಹಿಂದೆ ಸರಿದು ನೋಡಿದರೆ, ಶರಣಿ, ಅವ್ವ ಊರಿಗೆ ಹೊರಟು ಕುಳಿತವಳಂತೆ ಕಾಣುತ್ತಿದ್ದಳು. ಸತ್ತವಳಂತೆ ಕಾಣುತ್ತಲೇ ಇರಲಿಲ್ಲ.

ಗಾಡಿ ಬಿಟ್ಟೆ. ಕನ್ನಡಿಯ ತುಂಬ ಅವಳ ಮುಖ. ಮತ್ತು ಗಾಡಿ ಕುಣಿಯುತ್ತಿರಲಿಲ್ಲ. ಅದೇ ಕೆಟ್ಟ ರಸ್ತೆ, ಅದೇ ಖಾಲಿ ಡಬ್ಬಿ — ತಗ್ಗಿನಲ್ಲಿ ಬಿದ್ದರೂ ಚೀಲ ಹೇರಿದ ಗಾಡಿಯ ಹಾಗೆ ಮೆತ್ತಗೆ ಏಳುತ್ತಿತ್ತು. ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದೆ. ಮುಂದಿನ ತಗ್ಗಿನಲ್ಲಿ ಅದು ತಾನೇ ಇಳಿದು ಮತ್ತೆ ಅವಳನ್ನೇ ತೋರಿಸಿತು. 

ಆಗ ನಿನಗೆ ಫೋನ್ ಮಾಡಿದೆ. ಅವ್ವನನ್ನು ತೋರಿಸಬೇಕೆಂದು ಅಲ್ಲ. ಹೆದರಿ ಮಾಡಿದೆ. ಮಸ್ಕಿಯಿಂದ ಮನೆಯವರೆಗೆ ಒಬ್ಬನೇ ಅವಳ ಮುಂದೆ ಕುಳಿತು ಹೋಗಲು ನನಗೆ ಧೈರ್ಯವಿರಲಿಲ್ಲ. ಅವ್ವ ಬದುಕಿದ್ದರೆ ನಾನು ಮಸ್ಕಿಯಲ್ಲಿ ನಿಲ್ಲಿಸುತ್ತಲೇ ಇರಲಿಲ್ಲ.

ನೀನು ತುಂಬಿದ ಬಸುರಿ, ಸೆರಗು ತಲೆಯ ಮೇಲೆ ಹೊದ್ದು ರಸ್ತೆಯ ಪಕ್ಕ ನಿಂತಿದ್ದೆ. "ಅವ್ವಗ ಈಗರೆ ನಿದ್ದಿ ಹತ್ತೈತಿ. ಎಬ್ಬಸಬ್ಯಾಡ. ಲಗೂನ ಹತ್ತು," ಎಂದೆ ನಾನು. ನಿಜ ಹೇಳಿದ್ದರೆ ನೀನು ಅವಳನ್ನು ನಿನ್ನ ಮನೆಯ ಬಾಗಿಲಲ್ಲಿ ಇಳಿಸು ಎನ್ನುತ್ತಿದ್ದೆ. ಸತ್ತ ಮೇಲಾದರೂ ಇಳಿಸಬಹುದಿತ್ತು. ಆದರೆ ಅವ್ವ ನಮ್ಮ ಮನೆಯಿಂದಲೇ ಹೊರಡಬೇಕು, ಮಲ್ಲೇಶನ ಮನೆಯಿಂದಲ್ಲ — ಹೆಣ ಹಿಂದೆ ಕುಳಿತಿರುವಾಗಲೂ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಶಾಲು ಯಾಕೆ ಕಟ್ಟಿದ್ದೀ ಎಂದು ನೀನು ಕೇಳಿದೆ. ಬೀಳಬಾರದಲ್ಲ ಎಂದೆ ನಾನು. ಎಸಿ ಆರಿಸು, ಅವ್ವನ ಕೈ ತಣ್ಣಗಾಗಾಕತ್ತೈತಿ ಎಂದೆ ನೀನು. ನಾನು ಆರಿಸಿದೆ. ಆಮೇಲೆ ನೀನು ಅವಳ ಹೆಗಲಿಗೆ ತಲೆ ಆನಿಸಿ ಮೆಲ್ಲಗೆ ಮಾತಾಡಲು ಶುರುಮಾಡಿದೆ. ತಪ್ಪಾಯಿತು ಅಂದೆ, ಹೊಟ್ಟೆಯಲ್ಲಿ ಕೂಸು ಹೊರಳುತ್ತದೆ ಅಂದೆ. ನಾನು ಮುಂದೆ ಕುಳಿತು ಎಲ್ಲ ಕೇಳಿದೆ. ಒಂದು ಸಲ ನೀನು ಸುಮ್ಮನಾದೆ, ಯಾರದೋ ಮಾತು ಕೇಳಿಸಿಕೊಳ್ಳುವವಳ ಹಾಗೆ. ಬಹಳ ಹೊತ್ತು. ಮತ್ತೆ, "ಆತು ಬೇ" ಎಂದೆ.

ಸಿಂಧನೂರು ದಾಟುವಾಗ, "ಅಣ್ಣ, ಅವ್ವ ನನ್ನ ಕೈ ಒತ್ತಿದಳು" ಎಂದು ನೀನು ಖುಷಿಯಿಂದ ಅತ್ತುಬಿಟ್ಟೆ. ನಾನು ಹಿಂದೆ ತಿರುಗಿ ನೋಡಲಿಲ್ಲ.

ಜವಳಗೇರಾದಲ್ಲಿ ಬಾಗಿಲು ತೆಗೆದು ನಾನು 'ಅವ್ವಾ' ಎಂದು ಕೂಗಿದ್ದು ನೆನಪಿದೆಯೇ? ಆ ಕೂಗು ನಾಟಕ. ಮಂದಿ ಕೂಡಿದರು, ನೀನು ಮೂರ್ಛೆ ಹೋದೆ. ಮಗಳ ಮಡಿಲಲ್ಲಿ ಪ್ರಾಣ ಬಿಟ್ಟಳು, ಪುಣ್ಯವಂತೆ ಎಂದರು. ನಾನು ಅದನ್ನೂ ಒಪ್ಪಿಕೊಂಡೆ.

ಆಮೇಲೆ ನಿನಗೆ ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಹಿರಿಯರೆಲ್ಲ ಈರಮ್ಮ ಎಂದು ಅಜ್ಜಿಯ ಹೆಸರನ್ನೇ ಕೂಗಬೇಕೆಂದು ಕುಳಿತಿದ್ದರು. ನೀನು ತೊಟ್ಟಿಲ ಹಗ್ಗ ಹಿಡಿದು, "ಬ್ಯಾಡ. ಅವ್ವನೇ ಬ್ಯಾಡ ಅಂದಾಳ. ಗಾಡ್ಯಾಗ ನನ್ನ ಕಿವ್ಯಾಗ ಹೇಳ್ಯಾಳ — ಹೆಸರಿನ ಜೋಡಿ ನನ್ನ ಹಣಿಬರಾನೂ ಬರ್ತೈತಿ ಅಂತ" ಎಂದೆ.

ಶರಣಿ, ಆ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಸುಜಾತಾಗೂ ಇಲ್ಲ. ಲಿಂಗಸುಗೂರಿನಲ್ಲಿ ಕೇಳಿದ್ದು ನಾನೊಬ್ಬನೇ. ನನ್ನ ಕೈಯಲ್ಲಿದ್ದ ಸಕ್ಕರೆಯ ತಟ್ಟೆ ಜಾರಿ ಬಿದ್ದಿತ್ತು. ಎಲ್ಲರೂ ನಕ್ಕರು, ಸೋದರಮಾವನಿಗೆ ಸಂತೋಷ ಹೆಚ್ಚಾಯಿತು ಎಂದು.

ಅಂದಿನಿಂದ ಲಿಂಗಸುಗೂರಿನ ಕಡೆಯಿಂದ ಖಾಲಿ ಬಂದಾಗಲೆಲ್ಲ, ಆ ಬೇವಿನ ಮರ ದಾಟಿದ ಕೂಡಲೇ ಗಾಡಿ ಮೆತ್ತಗಾಗುತ್ತದೆ. ಮಸ್ಕಿ ಬಂತೆಂದರೆ ಮತ್ತೆ ಕುಣಿಯುತ್ತದೆ. ಮೆಕ್ಯಾನಿಕ್ ಸ್ಪ್ರಿಂಗ್ ಪಟ್ಟಿಗಳನ್ನೆಲ್ಲ ಬಿಚ್ಚಿ ನೋಡಿ, "ಏನೂ ಆಗಿಲ್ರೀ, ಗಾಡಿ ಚೊಕ್ಕ ಐತಿ" ಎಂದ.

ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ಮಸ್ಕಿಗೆ ಬರುತ್ತೇನೆ. ಒಂದು ಮಾತೂ ನುಂಗಬಾರದೆಂದು ಮೊದಲೇ ಬರೆದಿಟ್ಟುಕೊಂಡ ಇದನ್ನೆಲ್ಲ ನಿನ್ನ ಎದುರು ಕುಳಿತು ಬಾಯಿಬಿಟ್ಟು ಹೇಳುತ್ತೇನೆ. ಹೇಳುವ ಮೊದಲು ಒಂದು ಗುಟುಕು ನೀರನ್ನೂ ನಿನ್ನ ಮನೆಯಲ್ಲಿ ಕುಡಿಯುವುದಿಲ್ಲ. ಕೇಳಿದ ಮೇಲೂ ಗಾಡಿ ಬೇಕೆಂದರೆ ಅದು ನಿನ್ನದು. ನನ್ನ ಮುಖ ನೋಡುವುದಿಲ್ಲ ಎಂದರೆ — ಅದೂ ಸರಿಯೇ. ನಿನ್ನ ಕೈ ಒತ್ತಿದ್ದು ಯಾರು ಎಂದು ಕೇಳಬೇಡ, ನನಗೆ ಗೊತ್ತಿಲ್ಲ. ನಿನಗೆ ಹೇಳು ಎಂದು ಅವ್ವ ನನ್ನ ಕೈಲಿ ಕೊಟ್ಟ ಮಾತನ್ನು ನಾನು ಹೇಳಲಿಲ್ಲ. ಸತ್ತ ಮೇಲೆ ಅವಳೇ ಹೇಳಬೇಕಾಯಿತು.